ಸಂಕಟವೆಂಬ ಪದದ ಅರ್ಥ: ವಿದ್ವತ್ತು, ಆರೋಗ್ಯ ಮತ್ತು ಹೈದರಾಬಾದಿನ ಕನ್ನಡ

ಸಂಸ್ಮರಣ ಗ್ರಂಥಗಳಲ್ಲಿ ವಿದ್ವಾಂಸರ ಬದುಕನ್ನು ನಿರೂಪಿಸುವ ಲೇಖನಗಳಿಗೆ ಒಂದು ಸಿದ್ಧ ನುಡಿಗಟ್ಟು ಒದಗಿಬಂದಿದೆ. ಅವರು ಹಗಲಿರುಳೆನ್ನದೆ ದುಡಿದರು. ಊಟ ನಿದ್ರೆಗಳ ಪರಿವೆಯಿಲ್ಲದೆ ಓಲೆಗರಿಗಳ ಮುಂದೆ ಕುಳಿತರು. ಕಣ್ಣು ಮಂಜಾದರೂ ಕರಡು ತಿದ್ದುವುದನ್ನು ಬಿಡಲಿಲ್ಲ. ಕಾಯಿಲೆಯ ಸುಳಿವನ್ನು ಮನೆಯವರಿಗೂ ಕೊಡಲಿಲ್ಲ. ಇವೆಲ್ಲ ಮೆಚ್ಚುಗೆಯ ಮಾತುಗಳು. ಬರೆದವರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಈ ಮೆಚ್ಚುಗೆಯನ್ನು ಓದುವ ಇಪ್ಪತ್ತೈದರ ಹರೆಯದ ಸಂಶೋಧನಾ ವಿದ್ಯಾರ್ಥಿ ಅದರಿಂದ ಏನನ್ನು ಕಲಿಯುತ್ತಾನೆ ಎಂದು ಕೇಳಿಕೊಂಡವರು ಕಡಿಮೆ. ದೇಹವನ್ನು ಮರೆಯುವುದು ವಿದ್ವತ್ತಿನ ಲಕ್ಷಣ, ಕಷ್ಟವನ್ನು ಹೇಳಿಕೊಳ್ಳುವುದು ವಿದ್ವತ್ತಿನ ಕೊರತೆ ಎಂಬ ಪಾಠವನ್ನೇ ಅವನು ಕಲಿತುಕೊಂಡರೆ ತಪ್ಪು ಅವನದಲ್ಲ.

ಈ ನುಡಿಗಟ್ಟಿಗೆ ಹಿಂದಿನ ಒಂದು ವಾಸ್ತವದ ಬೆಂಬಲವಿತ್ತೆಂಬುದನ್ನು ಅಲ್ಲಗಳೆಯಲಾಗದು. ಮುದ್ದಣನೆಂದು ಕನ್ನಡಿಗರು ಬಲ್ಲ ನಂದಳಿಕೆಯ ಲಕ್ಷ್ಮೀನಾರಣಪ್ಪ 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ ಕ್ಷಯದಿಂದ ತೀರಿಕೊಂಡ. ವೃತ್ತಿಯಿಂದ ಅವನು ವ್ಯಾಯಾಮದ ಉಪಾಧ್ಯಾಯ. ತನ್ನ ಕೃತಿಗಳ ಕರ್ತೃತ್ವವನ್ನೇ ಮರೆಮಾಡಿ ಅವನ್ನು ಪ್ರಾಚೀನ ಗ್ರಂಥಗಳೆಂಬಂತೆ ಅಚ್ಚಿಗೆ ಕಳುಹಿಸಿದ ಆ ಕವಿ ತನ್ನ ರೋಗವನ್ನು ಎಷ್ಟರಮಟ್ಟಿಗೆ ಮರೆಮಾಡಿದನೋ ಬಲ್ಲವರಾರು. ಮರೆಮಾಡದಿದ್ದರೂ ಫಲವೇನೂ ಇರುತ್ತಿರಲಿಲ್ಲ; ಕ್ಷಯಕ್ಕೆ ನಿಜವಾದ ಔಷಧ ದೊರೆತದ್ದು ಅವನ ಸಾವಿನ ನಾಲ್ಕು ದಶಕಗಳ ಅನಂತರ. ಮದ್ದಿಲ್ಲದ ಕಾಲದಲ್ಲಿ ಮೌನ ಒಂದು ಬಗೆಯ ಘನತೆಯಾಗಿತ್ತು. ಮದ್ದಿರುವ ಕಾಲದಲ್ಲಿಯೂ ಅದೇ ಮೌನವನ್ನು ಘನತೆಯೆಂದು ಬಗೆಯುವುದು ಕೇವಲ ರೂಢಿಯ ಬಲ.

ಇದರಲ್ಲೊಂದು ವ್ಯಂಗ್ಯವೂ ಅಡಗಿದೆ. ಕನ್ನಡ ವಿಭಾಗಗಳಿಗೆ ವೈದ್ಯ ಹೊಸ ವಿಷಯವೇನಲ್ಲ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ದನಕರುಗಳ ರೋಗಗಳನ್ನು ಹೇಳುವ ಕೀರ್ತಿವರ್ಮನ ‘ಗೋವೈದ್ಯ’, ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಸಾಹಿತ್ಯ ಚರಿತ್ರೆಯ ಪಾಠಗಳಲ್ಲಿ ತಪ್ಪದೆ ಬರುತ್ತವೆ. ವಚನಕಾರರಲ್ಲಿ ವೈದ್ಯ ಸಂಗಣ್ಣನೆಂಬವನು ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅನುಭಾವವನ್ನು ಹೇಳಿದ. ಹಾವಿನ ವಿಷ ಏರುವ ಹಂತಗಳನ್ನು ಪಾಠಾಂತರಸಹಿತ ವಿವರಿಸಬಲ್ಲ ವಿಭಾಗದಲ್ಲಿ, ಪಕ್ಕದ ಮೇಜಿನ ವಿದ್ಯಾರ್ಥಿ ಮೂರು ವಾರಗಳಿಂದ ನಿದ್ರೆಗೆಟ್ಟಿರುವುದು ಯಾರ ಗಮನಕ್ಕೂ ಬಾರದೆ ಹೋಗುವುದುಂಟು.

ಹೈದರಾಬಾದಿನ ಸಂದರ್ಭದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮನ ಆಳ್ವಿಕೆಗೂ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೂ ಸೇರಿದ್ದವು. ವಿದ್ಯೆಗೂ ವೈದ್ಯಕ್ಕೂ ಆ ಸೀಮೆಯ ಕನ್ನಡಿಗ ಬಂದುದು ಈ ನಗರಕ್ಕೆ. ರಾಜ್ಯಗಳ ಗಡಿ ಬದಲಾದರೂ ದಾರಿ ಬದಲಾಗಲಿಲ್ಲ. ಉಸ್ಮಾನಿಯ ವಿಶ್ವವಿದ್ಯಾಲಯದಲ್ಲಿ ಡಿ.ಕೆ. ಭೀಮಸೇನರಾವ್ ಅವರಂತಹ ವಿದ್ವಾಂಸರು ಕನ್ನಡವನ್ನು ಬೋಧಿಸಿದ ಕಾಲದಿಂದ ಇಂದಿನವರೆಗೆ ಇಲ್ಲಿನ ಕನ್ನಡ ವಿದ್ಯಾರ್ಥಿ ಹಲವು ಭಾಷೆಗಳ ನಡುವೆ ಬದುಕುವವನು: ಮನೆಯ ಕನ್ನಡ, ಬೀದಿಯ ದಖ್ಖನಿ, ಕಚೇರಿಯ ತೆಲುಗು, ಪ್ರಬಂಧದ ಗ್ರಂಥಸ್ಥ ಕನ್ನಡ, ಅರ್ಜಿಯ ಇಂಗ್ಲಿಷ್. ಈ ಬಹುಭಾಷಿಕತೆಯನ್ನು ಸಂಸ್ಕೃತಿಯ ಸಂಪತ್ತೆಂದು ಕೊಂಡಾಡುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಮನುಷ್ಯ ತನ್ನ ನೋವನ್ನು ಹೇಳುವುದು ಇವುಗಳಲ್ಲಿ ಯಾವ ಭಾಷೆಯಲ್ಲಿ? ಕೇಳುವ ವೈದ್ಯನ ಭಾಷೆ ಯಾವುದು?

ಈ ನಗರದ ವೈದ್ಯಶಿಕ್ಷಣದ ಇತಿಹಾಸವೇ ಈ ಪ್ರಶ್ನೆಯನ್ನು ಮುಂದಿಡುತ್ತದೆ. 1846ರಲ್ಲಿ ಆರಂಭವಾದ ಹೈದರಾಬಾದಿನ ವೈದ್ಯಶಾಲೆ ಪಾಶ್ಚಾತ್ಯ ವೈದ್ಯವನ್ನು ಮೊದಲು ಬೋಧಿಸಿದ್ದು ಉರ್ದುವಿನಲ್ಲಿ. 1918ರಲ್ಲಿ ಉರ್ದು ಮಾಧ್ಯಮದೊಡನೆ ತಲೆಯೆತ್ತಿದ ಉಸ್ಮಾನಿಯ ವಿಶ್ವವಿದ್ಯಾಲಯ ತನ್ನ ಅನುವಾದ ವಿಭಾಗದ ನೆರವಿನಿಂದ ವೈದ್ಯಕೀಯದ ಗ್ರಂಥಗಳನ್ನೂ ಆ ಭಾಷೆಗೆ ತಂದಿತು. ದೇಶಭಾಷೆಯೊಂದು ಶರೀರಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಹೊರಬಲ್ಲದೆಂಬುದನ್ನು ಹೈದರಾಬಾದು ತೋರಿಸಿಕೊಟ್ಟಿತು. ಮಾಧ್ಯಮದ ಚರ್ಚೆಯಲ್ಲಿ ತೊಡಗಿರುವ ಕನ್ನಡಿಗರು ಈ ಪ್ರಯೋಗವನ್ನು ಇನ್ನೂ ಸಾಕಷ್ಟು ಅಭ್ಯಸಿಸಿಲ್ಲ. ಆದರೂ ರಾಯಚೂರಿನ ಹೊಲದಿಂದ ಬಂದ ರೋಗಿಗೆ ಆ ಉರ್ದುವೂ ಪರರ ಭಾಷೆಯೇ ಆಗಿತ್ತು. ವೈದ್ಯದ ಭಾಷೆ ದೇಶೀಯವಾದ ಮಾತ್ರಕ್ಕೆ ರೋಗಿಯ ಭಾಷೆಯಾಗಲಿಲ್ಲ. ಮುರಿದ ಕೈಯನ್ನು ತೋರಿಸಲು ಹೆಚ್ಚು ಮಾತು ಬೇಕಿಲ್ಲ. ಮುರಿದ ಮನಸ್ಸನ್ನು ತೋರಿಸಲು ಮಾತಿನ ಹೊರತು ಬೇರೆ ಸಾಧನವಿಲ್ಲ.

ಇಲ್ಲಿ ‘ಸಂಕಟ’ ಎಂಬ ಒಂದು ಪದವನ್ನು ಗಮನಿಸಬಹುದು. ಹಿಂದಿ ಮಾತನಾಡುವವರಿಗೆ ಅದು ಅಪಾಯ, ವಿಪತ್ತು. ದೇಶಕ್ಕೂ ಸರ್ಕಾರಕ್ಕೂ ಬರುವಂಥದು. ಕನ್ನಡದಲ್ಲಿ ಅದರ ನೆಲೆ ಹೊಟ್ಟೆ. “ಹೊಟ್ಟ್ಯಾಗ ಸಂಕಟ ಆಗ್ತದ” ಎಂದು ಕಲಬುರಗಿ ಕಡೆಯ ಹೆಂಗಸು ಹೇಳಿದಾಗ ಅದು ಅಜೀರ್ಣವಿರಬಹುದು, ವಾಕರಿಕೆಯಿರಬಹುದು, ಮಗಳ ಸಂಸಾರ ಒಡೆದ ದುಃಖವೂ ಇರಬಹುದು. ಯಾವುದೆಂಬುದು ಗೊತ್ತಾಗಬೇಕಾದರೆ ಕೇಳುವವರು ಇನ್ನೆರಡು ನಿಮಿಷ ಕುಳಿತಿರಬೇಕು, ಕನ್ನಡ ಬಲ್ಲವರಾಗಿರಬೇಕು. ಇಲ್ಲದಿದ್ದರೆ ಆಕೆ ಆಮ್ಲಪಿತ್ತದ ಗುಳಿಗೆಗಳನ್ನು ಕಟ್ಟಿಕೊಂಡು ಊರಿಗೆ ಮರಳುತ್ತಾಳೆ.

‘ಬೇಸರ’ದ ಕಥೆಯೂ ಇಂಥದೇ. ದಣಿವಿನಿಂದ ಹಿಡಿದು ಜಿಗುಪ್ಸೆಯವರೆಗೆ, ಹೊತ್ತು ಹೋಗದಿರುವುದರಿಂದ ಹಿಡಿದು ಬದುಕೇ ಬೇಡವೆನಿಸುವವರೆಗೆ ಅದರ ಅರ್ಥ ಚಾಚಿಕೊಂಡಿದೆ. ತೆಲುಗಿನ ‘ವೇಸರು’ ಅದರ ಜ್ಞಾತಿಪದ. ಇದರ ಮಗ್ಗುಲಲ್ಲೇ ಪಾರಸಿ ಮೂಲದ ‘ಬೇಜಾರು’ ಬಂದು ನಿಂತಿದೆ. ಇವೆರಡೂ ಒಂದೇ ಪದವೆಂದು ಭಾವಿಸಿರುವ ಕನ್ನಡಿಗರೇ ಹೆಚ್ಚು. “ಯಾಕೋ ಬ್ಯಾಸರ ಆಗ್ಯಾದ್ರಿ” ಎಂದು ವಿದ್ಯಾರ್ಥಿಯೊಬ್ಬ ತನ್ನ ಮಾರ್ಗದರ್ಶಕರ ಮುಂದೆ ನುಡಿದರೆ, “ಎರಡು ದಿನ ಊರಿಗೆ ಹೋಗಿ ಬಾರಪ್ಪ” ಎಂಬ ಉತ್ತರ ಸಹಜವಾಗಿ ಬರುತ್ತದೆ. ಪ್ರೀತಿಯಿಂದಲೇ ಬಂದ ಉತ್ತರ ಅದು. ಆದರೆ ಆ ಪದದ ಅರ್ಥವ್ಯಾಪ್ತಿಯ ಯಾವ ತುದಿಯಲ್ಲಿ ಅವನು ನಿಂತಿದ್ದಾನೆಂಬ ವಿಚಾರಣೆ ನಡೆಯಲಿಲ್ಲ. ಹಳಗನ್ನಡ ಪದ್ಯದ ಒಂದು ಪದಕ್ಕೆ ಐದು ನಿಘಂಟುಗಳನ್ನು ತೆರೆಯುವ ಅಧ್ಯಾಪಕರು ಎದುರಿಗಿರುವವನ ಬಾಯಿಂದ ಬಂದ ಪದಕ್ಕೆ ಒಂದನ್ನೂ ತೆರೆಯುವುದಿಲ್ಲ.

ಪದಗಳ ಈ ಸಂಪತ್ತಿಗೆ ಎದುರಾಗಿ ಒಂದು ದಾರಿದ್ರ್ಯವೂ ಇದೆ. ಮನಸ್ಸಿನ ಕಾಯಿಲೆಯೆಂದೊಡನೆ ಆಡುಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು, ‘ಹುಚ್ಚು’. ಆ ಹೆಸರಿನ ಭಯ ಊರುಗಳಿಗೂ ಅಂಟಿಕೊಂಡಿದೆ. ಹೈದರಾಬಾದಿನಲ್ಲಿ ‘ಎರ್ರಗಡ್ಡ’, ಉತ್ತರ ಕರ್ನಾಟಕದಲ್ಲಿ ‘ಧಾರವಾಡ’, ದಕ್ಷಿಣದಲ್ಲಿ ‘ನಿಮ್ಹಾನ್ಸ್’ ಇವು ಬೈಗುಳಗಳಂತೆ ಬಳಕೆಯಾಗುತ್ತವೆ. “ಅವನನ್ನು ಎರ್ರಗಡ್ಡಕ್ಕೆ ಸೇರಿಸಬೇಕು” ಎಂದು ವಿದ್ಯಾರ್ಥಿನಿಲಯದಲ್ಲಿ ನಗುವ ಗೆಳೆಯರ ನಡುವೆ ನಿಜವಾಗಿಯೂ ಅಲ್ಲಿಗೆ ಹೋಗಬೇಕಾದವನು ಕುಳಿತಿರಬಹುದು. ಅವನೂ ನಗುತ್ತಾನೆ, ಆಮೇಲೆ ಅಲ್ಲಿಗೆ ಹೋಗುವುದಿಲ್ಲ.

ಕನ್ನಡ ಸಾಹಿತ್ಯ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲವೆಂಬುದು ಗಮನಾರ್ಹ. ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾದ ಕಾವೇರಿಯನ್ನು ಚಿತ್ರಿಸಿದರು. ಆ ಕಾದಂಬರಿಯ ದುರಂತ ಕಾಯಿಲೆಯಲ್ಲಿಲ್ಲ. ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ವಾಸಿಯಾಗಿ ಮನೆಗೆ ಬಂದವಳ ಪ್ರತಿಯೊಂದು ಮಾತನ್ನೂ ನಗೆಯನ್ನೂ ಕಾಯಿಲೆಯ ಗುರುತೆಂದೇ ಕಾಣುವ ಗಂಡ, ನೆರೆಹೊರೆ, ಬಂಧುಬಳಗ ಆಕೆಯನ್ನು ಮತ್ತೆ ಅಲ್ಲಿಗೇ ಅಟ್ಟುತ್ತವೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಲನಚಿತ್ರವಾಗಿಸಿದಾಗ ನಾಡೇ ಕಣ್ಣೀರು ಸುರಿಸಿತು. ಕಣ್ಣೀರೊರೆಸಿಕೊಂಡು ಮನೆಗೆ ಹೋಗಿ ತನ್ನ ಹಳೆಯ ರೂಢಿಯನ್ನು ಮುಂದುವರಿಸಿತು. ‘ಶರಪಂಜರ’ವನ್ನು ಜನಪ್ರಿಯ ಕಾದಂಬರಿಯೆಂದು ಬದಿಗಿಟ್ಟ ವಿಮರ್ಶೆಯೂ ಈ ವಿಸ್ಮೃತಿಯಲ್ಲಿ ಪಾಲುದಾರನೇ. ಇನ್ನೊಂದೆಡೆ ‘ಕೊರವಂಜಿ’ಯ ಸಂಪಾದಕರಾಗಿ ಕನ್ನಡಿಗರನ್ನು ನಗಿಸಿದ ರಾ.ಶಿ., ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಥೆ ಕವಿತೆಗಳ ಸಾಲಿನಲ್ಲಿ ಮನೋವೈದ್ಯದ ಗ್ರಂಥವೊಂದು ನಿಂತ ಈ ಘಟನೆ ಅಪರೂಪದ್ದು. ಎಷ್ಟು ಸ್ನಾತಕೋತ್ತರ ವಿಭಾಗಗಳಲ್ಲಿ ಆ ಕೃತಿಯ ಒಂದು ಅಧ್ಯಾಯವಾದರೂ ಪಠ್ಯವಾಗಿದೆ? ಡಾ. ಅನುಪಮಾ ನಿರಂಜನರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳನ್ನೂ ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಅವರ ಹತ್ತಾರು ಕಿರುಹೊತ್ತಿಗೆಗಳನ್ನೂ ಓದುಗರು ಮನೆಗಳಲ್ಲಿ ಓದಿದರು. ವಿಭಾಗಗಳು ಅವನ್ನು ಸಾಹಿತ್ಯವೆಂದು ಎಣಿಸಲಿಲ್ಲ.

ಅಂಕಿಅಂಶಗಳು ಕವಿಹೃದಯಗಳಿಗೆ ರುಚಿಸವು. ಆದರೂ ಎರಡನ್ನು ಇಲ್ಲಿ ಹೇಳಲೇಬೇಕು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬೇರೆಬೇರೆ ತೊಂದರೆಗಳಿಗೆ ಅನುಗುಣವಾಗಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆಯನ್ನು 13,044 ಎಂದು ದಾಖಲಿಸಿತು. ಈ ಸಂಖ್ಯೆಯ ಹಿಂದಿನ ಒಂದೊಂದು ಬದುಕಿನ ಕಾರಣಗಳೂ ಒಂದಕ್ಕಿಂತ ಹೆಚ್ಚು. ಯಾವುದೋ ಒಂದು ಪರೀಕ್ಷೆಯನ್ನೋ ಒಂದು ಬೈಗುಳವನ್ನೋ ಕಾರಣವೆಂದು ಮುಂದೊಡ್ಡುವ ವೃತ್ತಪತ್ರಿಕೆಯ ಅವಸರ ಸತ್ಯಕ್ಕೂ ಸತ್ತವರಿಗೂ ಅನ್ಯಾಯ ಮಾಡುತ್ತದೆ.

ನೆರವನ್ನು ಕೇಳುವವರೇ ದುರ್ಬಲರಾದ್ದರಿಂದ ಅವರು ಗಟ್ಟಿಯಾಗಬೇಕು ಎಂಬ ವಾದವೊಂದು ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ಹಿಂದಿನವರು ಬೀದಿದೀಪದ ಕೆಳಗೆ ಓದಿದರೆಂಬುದು ಅದರ ಪ್ರಮಾಣ. ಬೀದಿದೀಪದ ಕೆಳಗೆ ಓದಿ ನಡುದಾರಿಯಲ್ಲಿ ಬಿದ್ದುಹೋದವರು ಸಂಸ್ಮರಣ ಗ್ರಂಥಗಳಲ್ಲಿ ಸಿಗುವುದಿಲ್ಲವೆಂಬುದನ್ನು ಈ ವಾದ ಮರೆಯುತ್ತದೆ. ಮೊದಲ ತಲೆಮಾರಿನ ವಿದ್ಯಾವಂತನಾಗಿ, ತಂದೆತಾಯಿಗಳ ಸಾಲದ ಹೊರೆಯನ್ನೂ ಜಾತಿಯ ಅವಮಾನವನ್ನೂ ಹೊತ್ತು ಬರುವ ವಿದ್ಯಾರ್ಥಿಯನ್ನು ಗಟ್ಟಿಯಲ್ಲವೆನ್ನುವುದು ಅಜ್ಞಾನ. ಅವನು ಆಗಲೇ ಹೊರಬೇಕಾದುದಕ್ಕಿಂತ ಹೆಚ್ಚನ್ನು ಹೊತ್ತಿದ್ದಾನೆ. ಮದುವೆಯಾಗಿ, ಕೂಸನ್ನು ಅತ್ತೆಯ ಬಳಿ ಬಿಟ್ಟು, ಅಧ್ಯಾಯ ಮುಗಿಸಲು ಬರುವ ವಿದ್ಯಾರ್ಥಿನಿಯ ಪಾಡು ಇನ್ನೊಂದು ಬಗೆಯದು. ಆಕೆಯ ರಕ್ತಹೀನತೆಯನ್ನೂ ಆಲಸ್ಯವೆಂದೇ ಓದಲಾಗುತ್ತದೆ.

ಅದೇ ಹೊತ್ತಿಗೆ, ಎಲ್ಲ ಕಷ್ಟವನ್ನೂ ಮನೋವೈದ್ಯನ ಬಾಗಿಲಿಗೆ ಕಳಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. 2016ರ ಜನವರಿಯಲ್ಲಿ ಇದೇ ನಗರದ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡಾಗ ದೇಶ ಕೇಳಿದ ಪ್ರಶ್ನೆ ಒಬ್ಬ ವ್ಯಕ್ತಿಯ ಮನೋಬಲವನ್ನು ಕುರಿತದ್ದಾಗಿರಲಿಲ್ಲ. ಅವರು ವಿದ್ಯಾರ್ಥಿನಿಲಯದಿಂದ ಹೊರಹಾಕಲ್ಪಟ್ಟ ಐವರಲ್ಲಿ ಒಬ್ಬರು. ವಿಶ್ವವಿದ್ಯಾಲಯವೆಂಬ ವ್ಯವಸ್ಥೆ ದಲಿತ ವಿದ್ಯಾರ್ಥಿಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ಅಂದಿನ ಪ್ರಶ್ನೆಯಾಗಿತ್ತು, ಇಂದಿಗೂ ಆಗಿದೆ. ಆಪ್ತಸಲಹೆ ನ್ಯಾಯಕ್ಕೆ ಬದಲಿಯಾಗಲಾರದು. ನ್ಯಾಯ ದೊರೆಯುವವರೆಗೆ ನಿದ್ರೆಯೂ ಔಷಧವೂ ಬೇಡವೆಂದೂ ಯಾರೂ ಹೇಳಲಾರರು. ಹೋರಾಡುವವರಿಗೆ ಅವು ಹೆಚ್ಚು ಬೇಕು.

ಕಾನೂನು ಈ ವಿಷಯದಲ್ಲಿ ವಿಭಾಗಗಳಿಗಿಂತ ಮುಂದೆ ನಡೆದಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿತು. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದನ್ನೂ ಹಕ್ಕಾಗಿಸಿತು. ಬದುಕನ್ನು ಕೊನೆಗಾಣಿಸಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಾಣಬೇಕೇ ಹೊರತು ಅಪರಾಧಿಗಳೆಂದಲ್ಲ ಎಂದು ವಿಧಿಸಿತು. ವೈದ್ಯರಲ್ಲಿಗೆ ಹೋದ ಸುದ್ದಿ ಮಾರ್ಗದರ್ಶಕರಿಗೆ ತಲುಪೀತೆಂದು ಹೆದರುವ ವಿದ್ಯಾರ್ಥಿ ಈ ಎರಡನೆಯ ಅಂಶವನ್ನು ತಿಳಿದಿರಬೇಕು. ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈಯಲ್ಲಿ ನೀಡಿದ ತೀರ್ಪು 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಲಹೆಗಾರರೊಬ್ಬರನ್ನಾದರೂ ನೇಮಿಸಬೇಕೆಂದಿತು. ಆ ಸಲಹೆಗಾರರಿಗೆ ವಿದ್ಯಾರ್ಥಿಯ ಭಾಷೆ ಬರಬೇಕೆ ಎಂಬುದನ್ನು ಕೇಳಬೇಕಾದವರು ಭಾಷಾವಿಭಾಗದವರು.

ಭಾಷೆಯ ತೊಡಕಿಗೆ ಒಂದು ಪರಿಹಾರವೂ ದೊರೆತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಣ ಕೊಡಬೇಕಾಗಿಲ್ಲ, ಹಗಲೂ ಇರುಳೂ ಕರೆ ಮಾಡಬಹುದು. ಕರೆ ಮಾಡಿದವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದಾಗಿದ್ದು ಆ ಭಾಷೆಗಳಲ್ಲಿ ಕನ್ನಡವೂ ಇದೆ. ತಾರ್ನಾಕದ ಬಾಡಿಗೆ ಕೋಣೆಯಲ್ಲಿ ನಡುರಾತ್ರಿ ಎಚ್ಚರವಾಗಿ ಕುಳಿತ ಬೀದರದ ವಿದ್ಯಾರ್ಥಿ ಅಲ್ಲಿಂದಲೇ ಕನ್ನಡದಲ್ಲಿ ಮಾತನಾಡಬಹುದು. ವಿಭಾಗದ ಸೂಚನಾಫಲಕದಲ್ಲಿ ವಿಚಾರಸಂಕಿರಣದ ಆಹ್ವಾನ ತಿಂಗಳುಗಟ್ಟಲೆ ಹಳದಿಯಾಗುತ್ತ ತೂಗುತ್ತಿರುವಾಗ ಈ ಐದು ಅಂಕಿಗಳಿಗೂ ಅಲ್ಲಿ ಜಾಗವಿರಬೇಕು.

ದೇಹದ ಮಾತನ್ನೂ ಮರೆಯಬಾರದು. ಉಸ್ಮಾನಿಯ ವಿಶ್ವವಿದ್ಯಾಲಯಕ್ಕೆ ಹತ್ತಿಕೊಂಡಂತೆಯೇ, 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾದ ಸಂಶೋಧನಾಲಯವಿದೆ. ದೇಶದ ಜನ ಏನು ತಿನ್ನಬೇಕೆಂಬುದನ್ನು ಹೇಳುವುದು ಅದರ ಕೆಲಸ. ಅದರ ಮುಂದಿನ ರಸ್ತೆಯಲ್ಲಿಯೇ ಸಂಶೋಧಕರು ಎರಡು ಬನ್ನು, ನಾಲ್ಕು ಚಹಾಗಳಲ್ಲಿ ದಿನ ಕಳೆಯುತ್ತಾರೆ. ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿತು. ಅಧ್ಯಾಪಕರಲ್ಲಿ ಎಷ್ಟು ಮಂದಿ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆಂಬುದು ವಿಭಾಗದ ಚಹಾದ ಸಕ್ಕರೆಯನ್ನು ಕಂಡರೆ ಊಹಿಸಬಹುದು. ವಿದ್ಯಾರ್ಥಿಗಳು ಅಧ್ಯಾಪಕರ ಉಪದೇಶವನ್ನಲ್ಲ, ನಡೆಯನ್ನು ಅನುಸರಿಸುತ್ತಾರೆ. “ಇಂದು ಡಾಕ್ಟರರಲ್ಲಿಗೆ ಹೋಗಬೇಕು, ತರಗತಿ ನಾಳೆ” ಎಂದು ಹಿರಿಯ ಪ್ರಾಧ್ಯಾಪಕರೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರೆ ಅದು ಒಂದು ಉಪನ್ಯಾಸಮಾಲೆಗಿಂತ ಹೆಚ್ಚಿನ ಕೆಲಸ ಮಾಡೀತು.

ಕನ್ನಡ ವಿಭಾಗವೊಂದು ಇವೆಲ್ಲದರ ಜೊತೆಗೆ ತನಗೆ ಮಾತ್ರ ಸಾಧ್ಯವಾದ ಒಂದು ಕೆಲಸವನ್ನು ಮಾಡಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ಮನೋರೋಗಗಳನ್ನು ಗುರುತಿಸಲು ತರಬೇತುಗೊಳಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ದೊಡ್ಡ ಆಸ್ಪತ್ರೆಯ ಗೋಡೆಯೊಳಗಿದ್ದ ವಿದ್ಯೆ ಹಳ್ಳಿಯ ಕೇಂದ್ರಕ್ಕೆ ಇಳಿಯಬೇಕಾದರೆ ಜನ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂಬುದು ಮೊದಲು ತಿಳಿಯಬೇಕು. ಆ ಮಾತುಗಳನ್ನು ಕಲೆಹಾಕುವುದು ಉಪಭಾಷಾ ಅಧ್ಯಯನದ ಕೆಲಸ. “ನಿದ್ದಿ ಹತ್ತವಲ್ದು”, “ತಲಿ ಧಿಮ್ ಅಂತದ”, “ಎದಿ ಭಾರ ಆಗ್ಯಾದ”, “ಯಾವುದ್ರಾಗೂ ಮನಸ್ಸಿಲ್ಲ”, “ಕೈಕಾಲಾಗಿನ ಶಕ್ತಿ ಹೋದಂಗಾಗ್ಯಾದ” ಎಂಬಂಥ ನೂರಿನ್ನೂರು ಮಾತುಗಳನ್ನು ಬೀದರ, ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ಸಂಗ್ರಹಿಸಿ, ಯಾವ ಸಂದರ್ಭದಲ್ಲಿ ಯಾರು ಆಡುತ್ತಾರೆಂಬ ಟಿಪ್ಪಣಿಯೊಡನೆ, ತೆಲುಗು ಮತ್ತು ಉರ್ದು ಸಮಾನಪದಗಳನ್ನು ಸೇರಿಸಿ, ಹೈದರಾಬಾದಿನ ವೈದ್ಯರ ಜೇಬಿನಲ್ಲಿ ಹಿಡಿಸುವ ಒಂದು ಕಿರುಕೋಶ ಮಾಡಿದರೆ ಹಿಂದಿನ ಎಂ.ಫಿಲ್. ಪ್ರಬಂಧಗಳ ರಾಶಿಯಲ್ಲಿ ಕಪಾಟು ಸೇರಿದ ಹಲವು ಗ್ರಂಥಗಳಿಗಿಂತ ಅದು ಹೆಚ್ಚು ಬಳಕೆಯಾದೀತು.

ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಾಗಿಲ್ಲ. ಬೆಳಗಿನ ಜಾವ ಕಲಬುರಗಿ, ಬೀದರಗಳ ಬಸ್ಸುಗಳು ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಮೂಸಿಯ ದಡದ ಉಸ್ಮಾನಿಯ ಆಸ್ಪತ್ರೆಗೆ ನಡೆದು ಹೋಗುವಷ್ಟೇ ದೂರ. ಬುತ್ತಿಗಂಟನ್ನೂ ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲವನ್ನೂ ಹಿಡಿದು ಆ ದಾರಿಯಲ್ಲಿ ನಡೆಯುವವರು, ಸರದಿ ಬಂದಾಗ ಡಾಕ್ಟರರ ಮುಂದೆ ಏನು ಹೇಳಬೇಕೆಂಬುದನ್ನು ಜೊತೆಗೆ ಬಂದವರೊಡನೆ ಕನ್ನಡದಲ್ಲಿ ಒಮ್ಮೆ ಹೇಳಿ ನೋಡುತ್ತಿರುತ್ತಾರೆ.